ಬಂದ ಕಾರಣ

ಹೈಮಾ ದಾಟಿ ತೊಂಬತ್ತು ಕಿಲೋಮೀಟರ್.
ಆಮೇಲೆ ದಾರಿ ಕೇಳಬೇಡಿ, ದಾರಿಯಿಲ್ಲ.
ಹರಳುಕಲ್ಲಿನ ಬಯಲು, ಬಯಲಿನಲ್ಲೊಂದು
ಒಂಬೈನೂರು ಮೀಟರಿನ ಗೀಟು.
ಎಣ್ಣೆ ಹುಡುಕಲು ಬಂದವರು ಎಳೆದದ್ದು.
ಎಣ್ಣೆ ಸಿಗಲಿಲ್ಲ. ಗೀಟು ಉಳಿಯಿತು,
ಗೀಟಿಗೊಬ್ಬ ನಾನು.

ಪ್ರತಿ ಗುರುವಾರ, ಬಿಸಿಲು ಬಲಿಯುವ ಮೊದಲು,
ಪಿಕಪ್ಪಿನ ಹಿಂದೆ ಬಾವಿ ಕೊರೆಯುವ ಹಳೆಯ ಪೈಪು ಕಟ್ಟಿ
ಆ ತುದಿಯಿಂದ ಈ ತುದಿಗೆ ಎಳೆಯುತ್ತೇನೆ.
ಒಂಟೆಯ ಹೆಜ್ಜೆ, ಹಾವು ಹರಿದ ಗೆರೆ, ನನ್ನದೇ ಕಳೆದ ವಾರ
ಎಲ್ಲ ಅಳಿಸಿಹೋಗುತ್ತದೆ.
ಅಂಚಿನ ಟಯರುಗಳಿಗೆ ಸುಣ್ಣ.
ಗಾಳಿಚೀಲ ಹರಿದ ವರ್ಷ
ನನ್ನ ಕಿತ್ತಳೆ ಕವರಾಲಿನ ಒಂದು ಕಾಲು ಕತ್ತರಿಸಿ ಕಟ್ಟಿದೆ.
ಶಮಾಲ್ ಬೀಸಿದರೆ ಆ ಕಾಲು ಉಬ್ಬಿ
ಮಂಡಿ ಮಡಚದೆ ಎಲ್ಲಿಗೋ ಓಡುತ್ತದೆ.

ಪಟ್ಟಿಯ ನಟ್ಟನಡುವೆ ಬಿಲ ತೋಡುತ್ತದೆ ಒಂದು ಧಬ್ಬ್,
ಮುಳ್ಳುಬಾಲದ ಉಡ.
ಅದು ಒಳಗಿಲ್ಲವೆಂದು ನೋಡಿಕೊಂಡು ನಾನು ಮುಚ್ಚುತ್ತೇನೆ.
ನಾನು ಹೊರಗಿಲ್ಲವೆಂದು ನೋಡಿಕೊಂಡು ಅದು ತೋಡುತ್ತದೆ.

ಉದ್ದನೆಯ ರಿಜಿಸ್ಟರಿದೆ. ಮೂರು ಕಾಲಂ:
ತಾರೀಕು, ಎಲ್ಲಿಂದ, ಬಂದ ಕಾರಣ.
ಓರಿಕ್ಸ್‌ನ ಕೊರಳಿಗೆ ರೇಡಿಯೋ ಕಟ್ಟಲು ಬಂದ ಪಶುವೈದ್ಯೆ.
ಬಖೀತನ ಸೊಸೆ ತಫೂಲಳ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದ ರಾತ್ರಿ
ಡಬ್ಬಿ ಸಾಲಿಟ್ಟು ಡೀಸೆಲ್ ಉರಿಸಿ ನಾವು ಇಳಿಸಿದ ಡಾಕ್ಟರು
(ಆ ಮಗುವಿಗೀಗ ನಾಲ್ಕು, ನನ್ನನ್ನು ಕಂಡರೆ ಕಲ್ಲೆಸೆಯುತ್ತಾನೆ).
ಮತ್ತೊಬ್ಬ, ಒಂಟಿ, ರೆಕ್ಕೆಯ ನೆರಳಲ್ಲಿ ಕೂತ,
ನನ್ನ ಚಹಾ ಕುಡಿದ, ಒಂದು ತಾಸು ತುಟಿ ಬಿಚ್ಚಲಿಲ್ಲ, ಹೋದ.
ಕಾರಣ ಏನು ಬರೆಯಲಿ ಮಾರಾಯ್ರೆ,
'ಸುಮ್ಮನಿರಲು' ಎಂದರೆ ಮಸ್ಕತ್ತಿನವರು ನಂಬುತ್ತಾರೆಯೇ?
'ಇಂಜಿನ್ ಬಿಸಿ' ಎಂದು ಬರೆದೆ.

ಈ ಸಲ ಕಾಗದ ಬಂತು.
ಹನ್ನೆರಡು ತಿಂಗಳಲ್ಲಿ ಹನ್ನೆರಡು ವಿಮಾನ ಇಳಿಯದಿದ್ದರೆ
ಮಾರ್ಚ್ ಮುಗಿದೊಡನೆ ಪಟ್ಟಿಯನ್ನು ಉಳತಕ್ಕದ್ದು.
ಉಳುವುದು! ಬಿತ್ತುವುದೇನನ್ನು?
ಗ್ರೇಡರಿನ ಹಲ್ಲಿಳಿಸಿ ಅಡ್ಡಡ್ಡ ಗೀರಬೇಕಂತೆ,
ಇನ್ನು ಯಾರ ಗಾಲಿಯೂ ಊರದ ಹಾಗೆ.

ಬದಲಿಗೆ ರಸ್ತೆ ಬರುತ್ತದಂತೆ, ಎಂದೆ.
ಬಖೀತ್ ಗಾಫ್ ಮರದ ಬುಡಕ್ಕೆ ಖರ್ಜೂರದ ಬೀಜ ಉಗಿದ:
"ಬಂದ ರಸ್ತೆ ಎದ್ದು ಹೋದದ್ದನ್ನು ಕಂಡಿದ್ದೀಯಾ?
ವಿಮಾನ ಅತಿಥಿ. ಕಾಫಿ ಕುಡಿಯುತ್ತದೆ,
ಸಾಕೆಂದು ಫಿಂಜಾನು ಅಲ್ಲಾಡಿಸುತ್ತದೆ, ಏಳುತ್ತದೆ."

ಎಣಿಸಿದೆವು. ಹನ್ನೊಂದು.
"ಮೊನ್ನೆ ಹುಬಾರಾ ಹಕ್ಕಿ ಇಳಿದವಲ್ಲ, ಎರಡು?"
ಎಲ್ಲಿಂದ: ಗೊತ್ತಿಲ್ಲ. ಕಾರಣ: ದಣಿವು.
ಪೆನ್ಸಿಲಿನಲ್ಲಿ ಬರೆದೆ. ಆಮೇಲೆ ಉಜ್ಜಿದೆ.
ಉಪ್ಪಿನಂಗಡಿಯ ಇದ್ದಿನಬ್ಬ ಇಪ್ಪತ್ತಾರು ವರ್ಷದಲ್ಲಿ
ಸುಳ್ಳು ಲೆಕ್ಕ ಬರೆದವನಲ್ಲ,
ಆ ಇಂಜಿನ್ ಒಂದನ್ನು ಬಿಟ್ಟರೆ.

ಮಾರ್ಚ್ ಇಪ್ಪತ್ತೆಂಟು, ಮೇಲೆ ಸದ್ದು.
ಇಳಿದವನು ಸಾಹೇಬ. ಇಸ್ತ್ರಿಯ ದಿಶ್‌ದಾಶಾ, ಕಂಕುಳಲ್ಲಿ ಫೈಲು.
ಮುಚ್ಚುವ ತಯಾರಿ ಆಗಿದೆಯೇ ಎಂದು ನೋಡಲು ಬಂದಿದ್ದ.
ರಸ್ತೆಯಿಲ್ಲವಲ್ಲ, ಹಾರಿ ಬಂದಿದ್ದ.

ನಾನು ಮಾತಾಡದೆ ರಿಜಿಸ್ಟರು ಬಿಡಿಸಿಟ್ಟೆ.
ತಾರೀಕು ಬರೆದ. ಎಲ್ಲಿಂದ, ಬರೆದ.
ಮೂರನೆಯ ಕಾಲಂನಲ್ಲಿ ಪೆನ್ನು ನಿಂತಿತು.
ಮೇಲಿನ ಸಾಲುಗಳ ಮೇಲೆ ಬೆರಳಾಡಿಸಿದ,
ಎಣಿಸಿದನೋ ಏನೋ. ನಗಲಿಲ್ಲ.
ಗಾಳಿಯಲ್ಲಿ ಓಡುತ್ತಿದ್ದ ನನ್ನ ಕಾಲು ನೋಡಿದ,
ಅದರಾಚೆ ಏನೂ ಇಲ್ಲದ್ದನ್ನು ಬಹಳ ಹೊತ್ತು ನೋಡಿದ.
ಕೊಟ್ಟ ಚಹಾ ಆರಿತು.

ಬರೆದ, ಹಾರಿದ.
ಮದರಸದ ಅಕ್ಷರ ನನಗೆ ಗೊತ್ತು;
ಇದು ಜೇರು ಜಬರಿಲ್ಲದ, ಕೋಳಿ ಕೆದಕಿದಂಥ ಬರಹ.
ಬಖೀತನಿಗೆ ಓದೇ ಬಾರದು. ತಲೆಕೆಳಗೂ ಹಿಡಿದು ನೋಡಿದ.
"ತಫೂಲಳ ಮಗ ಶಾಲೆಗೆ ಹೋಗಲಿ," ಅಂದ,
"ಅಲ್ಲಿಯವರೆಗೆ ಉಳಬೇಡ."

ಇವತ್ತು ಗುರುವಾರ. ಪೈಪು ಕಟ್ಟಿ ಎಳೆದೆ,
ಆ ಮೂರು ಗಾಲಿಯ ಗುರುತನ್ನು ಬಳಸಿಕೊಂಡು.
ಅದರ ಪಕ್ಕದಲ್ಲೇ ಧಬ್ಬ್
ಹೊಸ ಮಣ್ಣು ಹೊರಗೆ ಹಾಕುತ್ತಿದೆ.