ಅರ್ಧ ಗಂಟೆ ಕೂತು ಹೋಗಿ

ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದಿದ್ದೇನೆ
ಕೆಸರೆಯ ಅಂಗನವಾಡಿ ಜಗಲಿಯಲ್ಲಿ, ಗುರುವಾರ ಗುರುವಾರ:
ಜ್ವರ ಬಂದರೆ ಬರಲಿ ಕಣಮ್ಮ, ಔಷಧಿ ಹತ್ತಿದೆ ಅಂತ ಅರ್ಥ.
ಚುಚ್ಚಿದ ಜಾಗ ಗಂಟು ಕಟ್ಟಿದರೆ ಉಜ್ಜಬೇಡ.
ಅರ್ಧ ಗಂಟೆ ಕೂತು ಹೋಗಿ.
ಮುಂದಿನವರು ಬನ್ನಿ.

ಇವತ್ತು ಅದೇ ಮಾತು ನನಗೆ ವಾಪಸ್ಸು ಬಂತು
ಸರಸ್ವತಿಪುರಂನ ಪೊನ್ನವ್ವ ಡಾಕ್ಟರ ಬಾಯಿಂದ.
ಸ್ಟೀಲ್ ಮೇಜಿನ ಮೇಲೆ ನಮ್ಮ ಬತ್ತಾಸು,
ಎರಡು ಕಿಲೋಗೆ ನೂರು ಗ್ರಾಂ ಕಮ್ಮಿ,
ಕಾಲು ಜಾರದಂತೆ ಅಡಿಗೆ ನನ್ನ ಸೆರಗು.
ಕತ್ತಿನ ಹಿಂದೆ ಚರ್ಮ ಎತ್ತಿ ಒಂದು ಚುಚ್ಚು.
ಅಳಲಿಲ್ಲ. ಮೊಲ ಅಳುವುದಿಲ್ಲ.
ಅಳದ ಮಕ್ಕಳನ್ನು ನಾನು
ಜಾಣ ಅಂತ ಹೊಗಳಿ ಕಳಿಸುತ್ತಿದ್ದೆ.

ಒಂದಿನ ಮಂಕಾಗಿರುತ್ತೆ, ಅಂದರು ಡಾಕ್ಟರು.
ಮೇವು ಬಿಟ್ಟರೆ ಮಾತ್ರ ಫೋನು ಮಾಡಿ.
ನಾನೂ ಸಿಸ್ಟರೇ ಮೇಡಂ, ಅಂದೆ.
ಹಾಗಾದರೆ ಗೊತ್ತಲ್ಲ ನಿಮಗೆ, ಅಂತ ನಕ್ಕರು.
ಗೊತ್ತು.

ರಾತ್ರಿ ಒಂಬತ್ತಕ್ಕೆ ಗೊತ್ತಿದ್ದುದೆಲ್ಲ ಮರೆತುಹೋಯಿತು.
ಗರಿಕೆ ಹಾಗೇ ಇದೆ.
ಬಂಡೀಪಾಳ್ಯದ ಯಾರ್ಡಿನಲ್ಲಿ ಮೂಟೆ ಇಳಿಸಿ ಬರುವಾಗ
ಸಿದ್ದರಾಜು ಟವೆಲಿನಲ್ಲಿ ಕಟ್ಟಿ ತಂದ ಕೊತ್ತಂಬರಿ ಕಡ್ಡಿ,
ಆ ಗಂಟು ಬಿಚ್ಚುವ ಸದ್ದಿಗೇ ಗೂಡು ಅಲುಗಿಸುತ್ತಿದ್ದವನು
ಮೂಗು ಕೂಡ ಆಡಿಸಲಿಲ್ಲ.
ಕಿವಿ ಮುಟ್ಟಿದರೆ ಈಗಷ್ಟೇ ಇಳಿಸಿದ ದೋಸೆಯ ಬಿಸಿ.
ಬ್ಯಾಗಿನಿಂದ ಥರ್ಮಾಮೀಟರು ತೆಗೆದು ಹಾಗೇ ಒಳಗಿಟ್ಟೆ.
ಮೊಲದ ಜ್ವರ ಎಷ್ಟರಿಂದ ಶುರು,
ನನಗೆ ಯಾರೂ ಕಲಿಸಿಲ್ಲ.

ಹನ್ನೆರಡಕ್ಕೆ ಹಿಕ್ಕೆ ಎಣಿಸಿದೆ.
ಏಳು. ಮೆಣಸಿನ ಕಾಳಿಗಿಂತ ಸಣ್ಣವು.
ಹಳೇ ತಾಯಿ ಕಾರ್ಡೊಂದರ ಬೆನ್ನಿಗೆ ಬರೆದಿಟ್ಟೆ: ಏಳು.
ಯಾಕೆ ಬರೆದೆನೋ.

ಈ ಸೂಜಿ ಹಾಕಿಸದೇ ಇದ್ದಿದ್ರೆ, ಅಂತ ಶುರುಮಾಡಿ
ಸಿದ್ದರಾಜು ನನ್ನ ಮುಖ ನೋಡಿ ನುಂಗಿಕೊಂಡ.
ಹಿಂದಿನ ಬೀದಿಯಲ್ಲಿ ಒಂದೇ ವಾರಕ್ಕೆ ಆರು ಮೊಲ
ಮೂಗಲ್ಲಿ ರಕ್ತ ಬಂದು ಸತ್ತಾಗ
ಗುಂಡಿ ತೋಡಿಕೊಟ್ಟವನು ಅವನೇ.

ರೂಹಿ ನೆನಪಾದಳು. ಅವಳಿಗೆ ಚೊಚ್ಚಲು.
ಹೋದ ವರ್ಷ ಇಂಥದೇ ಸರಿರಾತ್ರಿ ಫೋನು:
ಸಿಸ್ಟರ್, ಹಾಲು ಕುಡೀತಿಲ್ಲ, ತೊಡೆ ಕಲ್ಲಾಗಿದೆ.
ಏನಾಗಲ್ಲ, ಮಲಗು, ಅಂದೆ.
ಏನೂ ಆಗಲಿಲ್ಲ. ಹೇಳಿದ್ದು ಸರಿಯೇ ಇತ್ತು.
ಸರಿಯಾದದ್ದನ್ನು ಎಷ್ಟು ಬೇಗ ಹೇಳಿ ಇಟ್ಟುಬಿಟ್ಟೆ.
ಆ ಕಡೆ ಅವಳಿನ್ನೂ
ಫೋನು ಕಿವಿಗೆ ಹಿಡಿದೇ ಇದ್ದಳೇನೋ.

ಪೊನ್ನವ್ವ ಡಾಕ್ಟರು ಎರಡನೇ ರಿಂಗಿಗೆ ಎತ್ತಿದರು.
ಹೊಟ್ಟೆ ಮುಟ್ಟಿ ನೋಡಿ, ಗಟ್ಟಿಯೋ ಮೆತ್ತಗೋ?
ಹಲ್ಲು ಕಡೀತಿದೆಯಾ? ನೀರು?
ಒಂದೊಂದಕ್ಕೂ ಗೂಡಿನ ತನಕ ಹೋಗಿ ಬಂದು ಹೇಳಿದೆ.
ಅವರು ಇಡಲಿಲ್ಲ. ಅವರ ಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು.
ಸೂಜಿ ಕಳಚಿದ ಸಿರಿಂಜು (ನಮ್ಮ ಮನೆಯಲ್ಲಿ ಅದಕ್ಕೇನು ಬರ),
ಬಾಯಿಯ ಪಕ್ಕದಿಂದ ಮೇವಿನ ಗಂಜಿ, ಹನಿ ಹನಿಯಾಗಿ.
ಸಿದ್ದರಾಜು ಟಾರ್ಚು ಹಿಡಿದು ಕೂತ, ನಾಲ್ಕಕ್ಕೆ ಏಳಬೇಕಾದವನು.
ಅರ್ಧ ಗಂಟೆ. ಇನ್ನೊಂದು ಅರ್ಧ ಗಂಟೆ.

ಐದೂಕಾಲಿಗೆ, ಮೊದಲ ಹಾಲಿನ ಗಾಡಿ ಹೋದ ಮೇಲೆ,
ಕತ್ತಲಲ್ಲಿ ಯಾರೋ ಕಾಗದ ಹರಿದಂತೆ.
ಟಾರ್ಚು ಹಾಕಲಿಲ್ಲ ನಾವು.
ಕೊತ್ತಂಬರಿ ವಾಸನೆ ಬಂತು, ಸಾಕಾಯಿತು.

ಗಂಟು ಉಳಿದಿದೆ, ರೋಮದೊಳಗೆ ಹುಣಸೇಬೀಜದಷ್ಟು.
ಇಳಿಯುತ್ತೆ ಅಂತ ಗೊತ್ತು. ದಿನಾ ಮುಟ್ಟಿ ನೋಡುತ್ತೇನೆ.

ಗುರುವಾರ ರೂಹಿ ಬಂದಳು, ಮಗುವಿಗೆ ಮುಂದಿನ ಡೋಸು.
ಆ ರಾತ್ರಿ ಎಷ್ಟೊತ್ತಿಗೆ ಮಲಗಿದೆ ನೀನು, ಅಂದೆ.
ಯಾವ ರಾತ್ರಿ ಸಿಸ್ಟರ್?
ಹತ್ತಿ ಒತ್ತಿ ಹಿಡಿದೆ.
ಮಗು ಬಾಯಿ ತೆರೆದು ಉಸಿರು ಕಟ್ಟಿ ನಿಂತಿತ್ತು.
ಅಳು, ಅಂದೆ.
ಜೋರಾಗಿ ಅಳು ಕಂದ.