ಹಿಂದೆ ಊರಿದ ಕೈ

ಸಂಜೆ ಐದಕ್ಕೆ ಹೊಂಡದ ಮೇಲಿನ ಟಾರ್ಪಾಲು ಸರಿಸುತ್ತೇನೆ.
ಬೆಕ್ಕು ಎದ್ದು ಹೋಗುತ್ತದೆ, ಬೈದುಕೊಂಡಂತೆ.
ಮುಹರಕ್ಕಿನ ಈ ಮೈದಾನಕ್ಕೆ
ಮರಳು ಹಡಗಿನಲ್ಲಿ ಬಂದದ್ದು.
ನಗಬೇಡಿ. ಇಲ್ಲಿಯ ಮರಳು ಬರೀ ಹಿಟ್ಟು,
ನೀರು ಕುಡಿದರೆ ರೊಟ್ಟಿ,
ಬಿದ್ದವನ ಸೊಂಟ ಕೇಳುವುದಿಲ್ಲ.
ಮಾನ್ವಿ ಕಡೆಯ ಹೊಳೆಯಲ್ಲಿ
ಲಾರಿಗೆ ಮರಳು ತುಂಬಿ ಬಲಿತ ಕೈ ನನ್ನದು,
ಒಂದು ಹಿಡಿ ಹಿಡಿದರೆ ಸಾಕು, ಹೇಳುತ್ತೇನೆ.

ಆರಕ್ಕೆ ಆತ ಬರುತ್ತಾನೆ, ಎಡಗಾಲು ತುಸು ಎಳೆಯುತ್ತ.
ಪಾಂದೆಲಿಸ್ ಸಕೆಲ್ಲಾರಿಸ್, ಐವತ್ತೆಂಟು,
ಒಂದು ಕಾಲಕ್ಕೆ ಗ್ರೀಸಿನ ಉದ್ದಜಿಗಿತಗಾರ,
ಈಗ ಇಲ್ಲಿಯ ಹುಡುಗರ ಹೆಜ್ಜೆ ಎಣಿಸುವ ಕೋಚು.
ನನ್ನ ಹೆಸರು ಹುಸೇನಪ್ಪ ಎಂದಾಗ
ಹುಡುಗರು ಮುಂದಿನರ್ಧಕ್ಕೆ ಸಲಾಂ ಹೇಳಿ
ಹಿಂದಿನರ್ಧಕ್ಕೆ ಹುಬ್ಬೇರಿಸಿದ್ದರು.
ಆತ ಮಾತ್ರ ಪೂರಾ ಕರೆಯುತ್ತಾನೆ: ಹುಸೇನಾಪಾ.
ಅಪ್ಪ ಒಂದಿಷ್ಟು ಸೊರಗಿದ್ದಾನೆ, ಅಷ್ಟೆ.

ಆತನ ದ್ವೀಪದ ಅಜ್ಜಂದಿರು
ಸ್ಪಂಜಿಗಾಗಿ ಮುಳುಗುತ್ತಿದ್ದರಂತೆ,
ಇಲ್ಲಿಯವರು ಮುತ್ತಿಗೆ.
ಅಲ್ಲೂ ಇಲ್ಲೂ ಕಲ್ಲು ಕಟ್ಟಿಕೊಂಡು, ಉಸಿರು ಕಟ್ಟಿಕೊಂಡು.
'ನಮ್ಮ ಮನೆಯ ಗಂಡಸರೆಲ್ಲ ಕೆಳಗೆ ಹೋದರು,
ನಾನು ಮೇಲಕ್ಕೆ ಹೋಗಲಿ ಅಂದಳು ತಾಯಿ'
ಎಂದು ಚಹಾದಲ್ಲಿ ರಸ್ಕು ಅದ್ದುತ್ತಾನೆ.
ಬಂದರುಕಟ್ಟೆಯಿಂದ ದೋಣಿಗೆ ಹಾರಿದ್ದು ಮೊದಲ ಜಿಗಿತ,
ಮುಂದಿನ ಹಲ್ಲು ಹೋದದ್ದು ಎರಡನೆಯದು.
ಆಮೇಲೆ ಹನ್ನೊಂದು ವರ್ಷ,
ಒಂಬತ್ತು ಸಾವಿರ ಜಿಗಿತ.
ಎಲ್ಲ ಕೂಡಿಸಿದರೆ ಗಾಳಿಯಲ್ಲಿದ್ದದ್ದು
ಎರಡು ಗಂಟೆ. ಆತನೇ ಲೆಕ್ಕ ಹಾಕಿದ್ದಾನೆ.
ಉಳಿದದ್ದು ಓಟ, ರಾತ್ರಿ ಬಸ್ಸು,
ಮೊಣಕಾಲಿಗೆ ಕಟ್ಟಿದ ಐಸು.

ಥೆಸಲೋನಿಕಿಯ ಒಂದು ಸಂಜೆ
ಪಾದ ಊರಿದ್ದು ಎಂಟು ಮೀಟರಿನಾಚೆ.
ಬಿಳಿ ಬಾವುಟ ಎದ್ದಿತು. ಜನವೂ ಎದ್ದಿತು.
ಎಡಗೈ ಹಿಂದಕ್ಕೆ ಹೋಗಿ ಮರಳು ಮುಟ್ಟಿತ್ತು,
ಕಾದ ಹಂಚು ಮುಟ್ಟಿದಷ್ಟು ಹೊತ್ತು.
ಅಳೆಯುವುದು ಹಲಗೆಗೆ ಹತ್ತಿರದ ಗುರುತು,
ಪಾದದ್ದೋ ಕೈಯದ್ದೋ ಯಾರೂ ಕೇಳುವುದಿಲ್ಲ.
ಏಳು ತೊಂಬತ್ತೊಂದು.
'ನಾನು ದಾಟಿದೆ ಹುಸೇನಾಪಾ, ಕೈ ದಾಟಲಿಲ್ಲ.'

ಮರುವರ್ಷ ಹಿಮ್ಮಡಿಯ ನರ ಹರಿಯಿತು,
ಯಾರೋ ಗುಂಡು ಹಾರಿಸಿದರೆಂದು
ಬಿದ್ದಲ್ಲಿಂದಲೇ ತಿರುಗಿ ನೋಡಿದನಂತೆ.
ಆಮೇಲೊಂದು ಟೈಲ್ಸ್ ಅಂಗಡಿ, ಅದರ ಸಾಲ,
ಆಮೇಲೆ ಈ ಊರು. ಎರಡೇ ವರ್ಷ ಎಂದು ಬಂದವನಿಗೆ
ಹದಿನಾಲ್ಕಾಯಿತು.
ನನಗೆಷ್ಟಾಯಿತೆಂದು ಆತ ಕೇಳಿಲ್ಲ,
ಕೇಳಬಾರದೆಂದು ಗೊತ್ತಿರುವವನು.

ಇವತ್ತು ದುಐಜ್ ಎಂಬ ಹುಡುಗ ಚೆನ್ನಾಗಿ ಹಾರಿದ,
ಬಿದ್ದ ಮೇಲೆ ಕೈ ಹಿಂದೆ ಊರಿದ.
ಬೈಗುಳ ಬರುತ್ತದೆಂದು ಕಾದೆವು, ಬರಲಿಲ್ಲ.
ನೆತ್ತಿಯ ಮೇಲೆ ವಿಮಾನವೊಂದು
ಹೊಟ್ಟೆ ತೋರಿಸುತ್ತ ಇಳಿಯುತ್ತಿತ್ತು,
ಅದೂ ರನ್‌ವೇ, ಇದೂ ರನ್‌ವೇ,
ಆತ ಅದನ್ನೇ ನೋಡುತ್ತಿದ್ದ.

ಹುಡುಗರು ಹೋದ ಮೇಲೆ
ಬೂಟು ಬಿಚ್ಚಿ ಹೊಂಡಕ್ಕಿಳಿದ.
ಅಂದಾಜಿನಲ್ಲಿ ಒಂದು ಕಡೆ ಕುಕ್ಕುರುಗಾಲಲ್ಲಿ ಕೂತು
ಎಡ ಅಂಗೈ ಒತ್ತಿದ. ಅಳೆ, ಅಂದ.
ಟೇಪಿನ ಸೊನ್ನೆ ಮರಳಿನ ಕಡೆ ಇರುತ್ತದೆ,
ಅದನ್ನು ಹಿಡಿಯುವವನು ನಾನು.
ಅಂಕಿ ಓದುವುದು ಹಲಗೆಯ ಹತ್ತಿರ ನಿಂತವರು,
ಇಷ್ಟು ವರ್ಷ ಹಾಗೆಯೇ ನಡೆದಿದೆ.
ಕುಂಟುತ್ತ ಹೋಗಿ, ಕನ್ನಡಕ ಹುಡುಕಿ, ಓದಿದ:
ಏಳು ಎಂಬತ್ತಾರು.
ಐದು ಸೆಂಟಿಮೀಟರು ಎಲ್ಲಿ ಹೋಯಿತೆಂದು
ಇಬ್ಬರೂ ನಕ್ಕೆವು, ಆತ ಸ್ವಲ್ಪ ಹೆಚ್ಚು.

ದಂತಾಳೆ ಎಳೆದೆ, ಹೊಂಡವೆಲ್ಲ ಸಮ ಮಾಡಿದೆ.
ಅಂಗೈಯನ್ನು ಸುತ್ತುಬಳಸಿ ಹೋದೆ,
ಯಾಕೆಂದು ಕೇಳಿದರೆ
ಕತ್ತಲಾಗಿತ್ತು ಎನ್ನುವುದೆಂದುಕೊಂಡು.
ಟಾರ್ಪಾಲು ಎಳೆಯುವಷ್ಟರಲ್ಲಿ
ಬೆಕ್ಕು ವಾಪಸು ಬಂದಿತ್ತು,
ಸರಿಯಾಗಿ ಆ ಐದು ಬೆರಳಿನ ಮೇಲೇ
ಸುರುಳಿ ಸುತ್ತಿ ಮಲಗಿತು.