ಏಳನೆಯ ನಿಯಮ

ಸೂಚನೆಯ ಹಾಳೆಯಲ್ಲಿ ಏಳನೆಯ ನಿಯಮ:
ಕೇಳುವವರ ಹೂಂ, ಹಾಂ, ಕೆಮ್ಮು, ಕುರ್ಚಿಯ ಕಿರ್ರು
ಬರೆದಿಳಿಸುವಾಗ ಬಿಡತಕ್ಕದ್ದು.

ಗಂಟೆಗೆ ಹದಿಮೂರು ಪೌಂಡು. ಹಲ್ ಊರಿನ ಮೂರನೆಯ ಮಹಡಿಯಲ್ಲಿ
ರೇಡಿಯೇಟರಿನ ಪಕ್ಕದ ಮೇಜು ನನ್ನದು.
ಕಥನ, ನೆನಪು, ಸಂಸ್ಕೃತಿ ಎಂದು ಬಾಗಿಲ ಮೇಲಿದೆ;
ಒಳಗೊಂದು ಕೆಟಲ್, ಅದರ ತಳಕ್ಕೆ ಸುಣ್ಣದ ಕರೆ.

ಗುರುವಾರದ ಗೋಷ್ಠಿಗೆ ಎನಿಡ್ ಬ್ಲೆಂಕಿನ್ ಬಂದಿದ್ದಳು.
ಎಂಬತ್ತೊಂದು ವರ್ಷ. ಮೀನು ಸೀಳುವ ಶೆಡ್ಡಿನಲ್ಲಿ ಇಪ್ಪತ್ತು ಚಳಿಗಾಲ.
ಎಡಗೈಯ ತೋರುಬೆರಳು ಗೆಣ್ಣಿನಿಂದಾಚೆ ಇಲ್ಲ.
ಅವಳಿಗೂ ಮುಂಚೆ ಲೀಡ್ಸಿನ ಪ್ರೊಫೆಸರೊಬ್ಬರು
ಮೌನದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು.

ಆಮೇಲೆ ಇವಳು. ಇವಳಿಗೆ ಇಪ್ಪತ್ತು.

"ಗಂಡಸರು ಕಡಲಿಗೆ ಹೊರಟ ದಿನ ಬಟ್ಟೆ ಒಗೆಯಬಾರದು.
ಒಗೆದರೆ ಅವರನ್ನೇ ತೊಳೆದುಬಿಟ್ಟ ಹಾಗೆ.
ಬೀದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.
ಅವತ್ತು ಬಿಸಿಲು ಬಿದ್ದಿತ್ತು. ಜನವರಿಯಲ್ಲಿ, ಬಿಸಿಲು..."

ಅಧ್ಯಕ್ಷರ ಕೈಯಲ್ಲಿ ಹಳದಿ ಚೀಟಿ ಎದ್ದಿತು: ಎರಡು ನಿಮಿಷ.
ಎನಿಡ್ ಅದನ್ನು ಓದಿದಳು. ಕನ್ನಡಕ ಮಡಚಿದಳು.
ಅಷ್ಟೇ, ಅಂದಳು. ಚಪ್ಪಾಳೆ.
ಪ್ರಶ್ನೆಗಳೆಲ್ಲ ಮೌನದವರ ಕಡೆಗೆ ಹೋದವು.

ಬೆಟಗೇರಿಯ ನಮ್ಮ ಓಣಿಯಲ್ಲಿ ಹುಸೇನಬಿ
ಕೌದಿ ಹೊಲಿಯುತ್ತ ಕತೆ ಹೇಳುತ್ತಿದ್ದಳು.
ನಾವು ಹೂಂ ಅನ್ನಬೇಕು. ಅನ್ನದಿದ್ದರೆ ಸೂಜಿ ನಿಲ್ಲುತ್ತಿತ್ತು.
"ಯಾಕ, ನಿದ್ದಿ ಬಂತೇನ? ಕತಿ ಹೊಳ್ಳಿ ಹೋಗಲೇನ?"
ಬಾವಿಗೆ ಅರ್ಧ ಇಳಿದ ರಾಜಕುಮಾರ
ಹಗ್ಗ ಹಿಡಿದು ನಮ್ಮ ಹೂಂಗೆ ಕಾಯುತ್ತಿದ್ದ.
ಒಂದು ರಾತ್ರಿ ಎಲ್ಲರೂ ಮಲಗಿಬಿಟ್ಟೆವು.
ಅವನಿನ್ನೂ ಅಲ್ಲೇ ಇದ್ದಾನೆಂದು ನನ್ನ ಅನುಮಾನ.

ಸಂಜೆ ನಾನು ಕಪ್ಪು ಬಸಿ ತೊಳೆಯುವಾಗ
ಎನಿಡ್ ಬಂದು ಒರೆಸುವ ಬಟ್ಟೆ ಕೈಗೆ ತಗೊಂಡಳು.
ರೆಕಾರ್ಡರು ಆರಿಸಲು ಮರೆತಿದ್ದೆ.
ಮರೆತಿದ್ದೆ ಅಂತ ಈಗ ಹೇಳುತ್ತಿದ್ದೇನೆ.

ಬಿಸಿಲು ಬಿದ್ದಿತ್ತು, ಅಂದೆ.
ಒಂದೇ ಒಂದು ಅಂಗಿ, ಅಂದಳು. ನೀಲಿ ಚೌಕಳಿಯದು.
ಹೂಂ.
ಹಗ್ಗದ ಮೇಲೆ ಗಾಳಿ ತುಂಬಿ ತೋಳೆತ್ತಿತು.
ಹೂಂ.
ಅತ್ತೆ ಕಿಟಕಿಯಿಂದ ನೋಡಿದಳು. ಏನೂ ಅನ್ನಲಿಲ್ಲ.
ಹಡಗಿನ ಸುದ್ದಿ ಬಂದಾಗಲೂ ಅನ್ನಲಿಲ್ಲ.
ಸಾಯುವವರೆಗೂ ನನ್ನ ಕೈಯಡುಗೆ ಉಂಡಳು, ಏನೂ ಅನ್ನಲಿಲ್ಲ.
ಹೂಂ.

ಈಗ ಕೂತು ಬರೆದಿಳಿಸುತ್ತಿದ್ದೇನೆ. ನನ್ನ ಹೂಂಗಳು ಹನ್ನೊಂದು.
ನಿಯಮದಂತೆ ಒಂದನ್ನು ತೆಗೆದು ನೋಡಿದೆ:
ಅಂಗಿ ಹಗ್ಗದಿಂದ ಒಂದು ಕಡೆ ಜೋತುಬಿತ್ತು.
ಮತ್ತೆ ಸಿಕ್ಕಿಸಿದೆ.

ಅಡುಗೆಮನೆಯ ಈ ಒಂಬತ್ತು ನಿಮಿಷ ಯಾರದು?
ಫೋನು ಮಾಡಿದೆ. ಇಡಲೇ, ಅಳಿಸಲೇ, ಎನಿಡ್?
ನಮ್ಮಲ್ಲೊಬ್ಬಳಿದ್ದಳು, ಕೌದಿ ಹೊಲಿಯುವವಳು, ಅಂತ
ಯಾಕೋ ಅದನ್ನೂ ಶುರುಮಾಡಿ ತಡವರಿಸಿ ನಿಂತೆ.

ಆ ಕಡೆ ಬಹಳ ಹೊತ್ತು
ವಾಷಿಂಗ್ ಮಷೀನು ತಿರುಗುವ ಸದ್ದು.
ಆಮೇಲೆ ತುಟಿ ತೆರೆಯದೆ ಇಲ್ಲಿಯವರು ಅನ್ನುವ ಮ್ಮ್,
ನಮ್ಮ ಹೂಂಗೆ ದಾಯಾದಿ.
ಆಗಲಿ ಎಂದೋ,
ಮುಂದೆ ಹೇಳು ಎಂದೋ.